ಅಕ್ಕನ ತಲೆಯ ಅಳತೆ

ಮುಂಡರಗಿ
೧೨-೬-೧೯೭೪

ಪ್ರಿಯ ನಜೀರಸಾಬರಿಗೆ,

ಜಯತೀರ್ಥ ಮಾಸ್ತರನ ನಮಸ್ಕಾರ. ಹೆಸರು ಓದಿದರೆ ನಿಮಗೆ ನೆನಪಾಗಲಿಕ್ಕಿಲ್ಲ. ನಾನು ಗದಗಿನಲ್ಲಿ ಮಾಸ್ತರಿಕೆಯ ತರಬೇತಿಗೆ ಇದ್ದಾಗ ನಮ್ಮ ಸ್ನೇಹಸಮ್ಮೇಳನದ ನಾಟಕಕ್ಕೆ ನಿಮ್ಮ ತಂದೆ ಅಲ್ಲಾಸಾಬರು ಬಣ್ಣ ಹಚ್ಚಲು ಬಂದಿದ್ದರು. ನೀವು ಕಟ್ಟುಗೂದಲಿನ ಟೋಪನ್‌ಗಳ ಟ್ರಂಕು ಹೊತ್ತುಕೊಂಡು ಅವರ ಹಿಂದೆ ಇದ್ದಿರಿ. ನಾಯಕಿಯ ಪಾತ್ರ ಮಾಡಿದ ತೆಳ್ಳನೆಯ ಹುಡುಗ ನಾನೇ. ಆಟ ಮುಗಿದು ಎಲ್ಲರೂ ಮುಖ ತೊಳೆದುಕೊಂಡರೂ ನಾನು ತಲೆಯ ಮೇಲಿನ ಟೋಪನ್ ಬಿಚ್ಚಿಕೊಡಲಿಲ್ಲ. "ಕೊಡ್ರಿ ಮಾಸ್ತರ, ನಾಳೆ ಲಕ್ಷ್ಮೇಶ್ವರದಾಗ ಇದ ಕೂದಲಿಗೆ ಇನ್ನೊಬ್ಬ ರಾಣಿ ಕಾಯಾಕ ಹತ್ತ್ಯಾಳ" ಎಂದು ನಿಮ್ಮ ತಂದೆ ನಕ್ಕಿದ್ದರು.

ಈಗ ಬರೆಯುವ ಕಾರಣ ಬೇರೆ. ಶಿರಹಟ್ಟಿಯಲ್ಲಿ ನನ್ನ ಅಕ್ಕ ತುಳಸಾಬಾಯಿ ಇದ್ದಾಳೆ. ವಿಷಮಜ್ವರ ಬಂದು ತಲೆಗೂದಲೆಲ್ಲ ಉದುರಿಹೋಗಿದೆ. ಆಕೆಗೊಂದು ಟೋಪನ್ ಬೇಕು. ಬಾಡಿಗೆಯದಲ್ಲ, ಸ್ವಂತದ್ದು. ನಾಟಕದ ಟೋಪನ್ ದೂರ ಕೂತು ನೋಡುವವರಿಗಾಗಿ ಮಾಡಿದ್ದು. ಇದು ಹಾಕಿಕೊಂಡವರು ತಾವೇ ಕನ್ನಡಿಯಲ್ಲಿ ಹತ್ತಿರದಿಂದ ನೋಡಿಕೊಳ್ಳುವುದಕ್ಕೆ. ನಡುಬೈತಲೆ ಇರಲಿ, ಹೆರಳು ಹಾಕಲು ಬರುವಷ್ಟು ಉದ್ದ ಇರಲಿ. ವಯಸ್ಸು ನಲವತ್ತರ ಹತ್ತಿರ, ಆದ್ದರಿಂದ ಕಾಡಿಗೆಯಂಥ ಕಪ್ಪು ಬೇಡ.

ದಯವಿಟ್ಟು ಕಾರ್ಡು ಬರೆಯಬೇಡಿ. ನಮ್ಮ ಅಂಚೆಯವನು ಕಾರ್ಡು ಓದಿ, ಅದರಲ್ಲಿನ ಸುದ್ದಿಯನ್ನು ತಾನೇ ಬಾಯಿಂದ ಹೇಳಿ, ಆಮೇಲೆ ಕೈಗೆ ಕೊಡುವ ಪುಣ್ಯಾತ್ಮ. ಲಕೋಟೆಯಲ್ಲಿಟ್ಟು ಅಂಟಿಸಿ ಕಳಿಸಿ. ಹೆಣ್ಣುಮಗಳ ಮಾನದ ಪ್ರಶ್ನೆ.

ನಿಮ್ಮವ,
ಜಯತೀರ್ಥ


ಬೆಟಗೇರಿ
೨೬-೬-೧೯೭೪

ಮಾಸ್ತರರಿಗೆ ನಜೀರಸಾಬನ ಸಲಾಂ.

ನೆನಪಿಲ್ಲದೆ ಏನು. "ಬಣ್ಣ ಹಚ್ಚಿದರ ಅಂಥಾ ಮಾರಿಗೆ ಹಚ್ಚಬೇಕಲೇ" ಎಂದು ಅಪ್ಪ ಕೊನೆಯವರೆಗೂ ನಿಮ್ಮ ಮಾತು ತೆಗೆಯುತ್ತಿದ್ದ. ಅವನು ತೀರಿಕೊಂಡ ಮೇಲೆ ನಾಟಕ ಕಂಪನಿಗಳೂ ಒಂದೊಂದಾಗಿ ಮುಚ್ಚಿದವು. ನಮ್ಮ ರಾಣಿಯರನ್ನೆಲ್ಲ ಟಾಕೀಸು ನುಂಗಿತು. ಟೋಪನ್ ಕೆಲಸ ಬಂದಾಗ ಮಾಡುತ್ತೇನೆ, ಇಲ್ಲದಾಗ ಇಲ್ಲಿಯ ನೇಕಾರರ ಸೀರೆಗಳನ್ನು ಹುಬ್ಬಳ್ಳಿಯ ಅಂಗಡಿಗಳಿಗೆ ಮುಟ್ಟಿಸುತ್ತೇನೆ.

ನೀವು ಕೇಳಿದಂಥದ್ದನ್ನು ಮಾಡಬೇಕೆಂದರೆ ತೆಳುಬಟ್ಟೆಯ ಟೊಪ್ಪಿಗೆಗೆ ಕೂದಲನ್ನು ಎಳೆ ಎಳೆಯಾಗಿ ಸೂಜಿಯಿಂದ ಕಟ್ಟುತ್ತ ಹೋಗಬೇಕು. ದಸರೆಯವರೆಗೆ ಹಿಡಿಯುತ್ತದೆ. ಅರ್ಧ ಕೆಲಸ ನನ್ನ ಹೆಂಡತಿ ಅಲ್ಮಾಸಬಿಯದು, ಅವಳ ಬೆರಳು ಸಣ್ಣವು. ಅಳತೆ ಕಳಿಸಿ. ದಾರದಿಂದ ಹಣೆಯ ಸುತ್ತ ಒಂದು, ಕಿವಿಯಿಂದ ಕಿವಿಗೆ ನೆತ್ತಿಯ ಮೇಲೆ ಹಾಯ್ದು ಇನ್ನೊಂದು. ತುದಿಗೆ ಗಂಟು ಹಾಕಿ ಲಕೋಟೆಯಲ್ಲಿಡಿ.

ಮಾನದ ಮಾತು ಬರೆದಿದ್ದೀರಿ. ಹಾಕಿಕೊಳ್ಳುವವರ ಹೆಸರನ್ನು ಟೋಪನ್ ಕಟ್ಟುವವನು ಊರಿಗೆ ಹೇಳುತ್ತ ತಿರುಗಬಾರದು ಎಂದು ಅಪ್ಪ ಕಲಿಸಿದ್ದಾನೆ. ನಿಶ್ಚಿಂತೆಯಿಂದಿರಿ.

ನಜೀರಸಾಬ


ಶಿರಹಟ್ಟಿ
೨೦-೭-೧೯೭೪

ಚಿ. ಜಯತೀರ್ಥನಿಗೆ ಅಕ್ಕನ ಆಶೀರ್ವಾದ.

ಸುಂದರಾ ತೀರಿಕೊಂಡು ಎರಡು ವರ್ಷ ತುಂಬಿತು. ಲಕ್ಷ್ಮೇಶ್ವರದಲ್ಲಿ ಒಂದು ಕನ್ಯೆ ಇದೆ, ಭಾಗೀರಥಿ ಎಂದು. ವಯಸ್ಸು ಸ್ವಲ್ಪ ಮೀರಿದೆ, ಅದೇನು ನಿನಗೆ ಮೀರಿಲ್ಲವೆ. ನೀನು ಹೂಂ ಅಂದರೆ ನನ್ನ ಮೈದುನ ಗುರುರಾಜ ಹೋಗಿ ಮಾತಾಡುತ್ತಾನೆ. ಹೆಂಡತಿ ಸತ್ತ ಗಂಡಸಿನ ಮನೆಗೆ ಯಾರೂ ಕ್ಷೌರಿಕನನ್ನು ಕರೆಸುವುದಿಲ್ಲ, ಹೆಣ್ಣು ತೋರಿಸುತ್ತಾರೆ. ನೀನು ಮಾತ್ರ ನನಗಿಂತ ದೊಡ್ಡ ವಿಧವೆಯ ಹಾಗೆ ಕದ ಹಾಕಿಕೊಂಡು ಕೂತಿದ್ದೀ.

ನನ್ನದು ನಡೆದಿದೆ. ಚಾತುರ್ಮಾಸ ಬಂತು, ಮಠದ ನೈವೇದ್ಯದ ಅಡಿಗೆ ಹೆಚ್ಚು. ಹತ್ತೊಂಬತ್ತಕ್ಕೆ ತಲೆ ಬೋಳಿಸಿಕೊಂಡು, ಕೆಂಪು ಸೀರೆ ಉಟ್ಟು ಆ ಒಲೆಯ ಮುಂದೆ ಕೂತವಳು ಇನ್ನೂ ಎದ್ದಿಲ್ಲ. ಈ ಮನೆಯಲ್ಲಿ ನನ್ನನ್ನು ಕೇಳುವವರು ಇದ್ದರೆ ಅದು ಆ ಒಲೆಯ ದೆಸೆಯಿಂದ. ದೇವರಿಗೆ ಬಡಿಸುವ ಕೈ ಎಂದು ಗುರುರಾಜನೂ ನನ್ನೆದುರು ದನಿ ತಗ್ಗಿಸುತ್ತಾನೆ. ಅದಿಲ್ಲದಿದ್ದರೆ ನಾನು ಹಿತ್ತಲಲ್ಲಿ ಬಿದ್ದ ಒರಳು.

ಇನ್ನೊಂದು ಮಾತು. ಸುಂದರಾಳ ಸೀರೆಗಳ ಟ್ರಂಕನ್ನು ಯಾರಿಗಾದರೂ ಕೊಟ್ಟುಬಿಡು ಎಂದರೆ ನೀನು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಉತ್ತರ ಬರೆಯುತ್ತೀ. ಹೋದ ಸಲ ನಿನ್ನಲ್ಲಿಗೆ ಬಂದಾಗ ತೆರೆದು ನೋಡಿದೆ. ಸೀರೆಗಳು ಹೊಸದಾಗಿ ಮಡಿಚಿದ್ದವು. ಆಗ ನಾನು ಏನೂ ಕೇಳಲಿಲ್ಲ. ಈಗಲೂ ಕೇಳುತ್ತಿಲ್ಲ.

ನಿನ್ನ ಅಕ್ಕ,
ತುಳಸಾ


ಮುಂಡರಗಿ
೪-೮-೧೯೭೪

ಪ್ರಿಯ ನಜೀರಸಾಬರಿಗೆ,

ದಾರಗಳನ್ನು ಇಟ್ಟಿದ್ದೇನೆ. ಜನಿವಾರದ ನೂಲು ಇದು, ಮನೆಯಲ್ಲಿ ಬೇರೆ ಸಿಗಲಿಲ್ಲ. ದೇವರು ಕ್ಷಮಿಸುತ್ತಾನೆ ಎಂದುಕೊಂಡಿದ್ದೇನೆ, ಅವನಿಗೆ ನನ್ನದು ಕ್ಷಮಿಸಿ ರೂಢಿಯಾಗಿದೆ.

ಅಕ್ಕನ ವಿಷಯ ಇನ್ನೂ ಸ್ವಲ್ಪ ಹೇಳಬೇಕು. ಆಕೆಗೆ ಸೀರೆಗಳಿವೆ, ಬಳೆಗಳಿವೆ, ಕನ್ನಡಿಯೂ ಇದೆ. ಸಂಜೆ ಬಾಗಿಲು ಹಾಕಿಕೊಂಡು ಎಲ್ಲವನ್ನೂ ತೊಟ್ಟು ನಿಂತರೆ ಕುತ್ತಿಗೆಯವರೆಗೆ ಸರಿಯಾಗಿ ಕಾಣುತ್ತದಂತೆ. ಅದರ ಮೇಲೆ ನೋಡಿದರೆ ಬೇರೆ ಯಾರೋ. ಆ ಬೇರೆಯವರ ಜೊತೆ ಇಷ್ಟು ವರ್ಷ ಬಾಳಿ ಸಾಕಾಗಿದೆಯಂತೆ. ಯಾರಿಗೂ ತೋರಿಸುವ ಆಸೆ ಇಲ್ಲ, ಹೊರಗೆ ಕಾಲಿಡುವ ಧೈರ್ಯವೂ ಇಲ್ಲ. ಒಂದು ಸಲ ಕನ್ನಡಿಯಲ್ಲಿ ಪೂರ್ತಿ ತಾನೇ ಕಂಡರೆ ಸಾಕು ಎನ್ನುತ್ತಾಳೆ. ಇದು ನಿಮಗೆ ಹುಚ್ಚು ಅನಿಸಬಹುದು. ನನಗೆ ಅನಿಸುವುದಿಲ್ಲ.

ನಿಮ್ಮವ,
ಜಯತೀರ್ಥ


ಬೆಟಗೇರಿ
೨೨-೯-೧೯೭೪

ಮಾಸ್ತರರಿಗೆ ಸಲಾಂ.

ಕೆಲಸ ಮುಗಿಯುತ್ತ ಬಂತು. ನಡುಬೈತಲೆಯ ಗೆರೆ ಅಲ್ಮಾಸಬಿ ಕಟ್ಟಿದ್ದು, ಹತ್ತಿರದಿಂದ ನೋಡಿದರೂ ಚರ್ಮದಿಂದ ಮೊಳೆತ ಹಾಗಿದೆ. ನಿಮ್ಮ ದಾರದ ಅಳತೆ ಹೆಂಗಸಿನ ತಲೆಗೆ ತುಸು ದೊಡ್ಡದು. ನನ್ನ ಕೈಗೆ ಅದು ಪರಿಚಯದ ಅಳತೆಯೇ ಅನಿಸಿತು. ಇರಲಿ. ಆ ವಿಷಯವನ್ನು ನಾನು ಮತ್ತೆ ಎತ್ತುವುದಿಲ್ಲ, ನೀವೂ ಎತ್ತಬೇಡಿ. ಹುಚ್ಚು ಅಂತ ನನಗೂ ಅನಿಸಲಿಲ್ಲ ಎಂದಷ್ಟೇ ತಿಳಿದುಕೊಳ್ಳಿ.

ಅಲ್ಮಾಸಬಿಗೆ ನಿಮ್ಮ ಅಕ್ಕನ ಜ್ವರದ ಕಥೆಯನ್ನಷ್ಟೇ ಹೇಳಿದ್ದೇನೆ. "ಮಾಸ್ತರರ ಹೆಸರು ಎಲ್ಲೂ ಬಾಯಿಗೆ ತರಬ್ಯಾಡ" ಎಂದೂ ಹೇಳಿದ್ದೇನೆ. ಅವಳು ಕಟ್ಟುತ್ತ ಕೂತಾಗಲೆಲ್ಲ ಅದನ್ನೇ ನೆನೆಯುತ್ತಾಳೆ. "ಪಾಪ, ತಲಿ ಬರಿದಾದ ಹೆಣ್ಣು ಕನ್ನಡಿ ಮುಂದ ಹೆಂಗ ನಿಂದ್ರತೈತೋ. ಆಕಿನ್ನ ಒಮ್ಮಿ ನೋಡಬೇಕ ನಾ" ಎನ್ನುತ್ತಾಳೆ.

ದಸರೆಯ ಸೂಟಿಯಲ್ಲಿ ಬನ್ನಿ. ಸೀರೆಯ ಡಬ್ಬಿಯಲ್ಲಿಟ್ಟು ಕೊಡುತ್ತೇನೆ. ಬಸ್ಸಿನಲ್ಲಿ ಯಾರು ಕಂಡರೂ ಮಾಸ್ತರು ಬೆಟಗೇರಿಯಿಂದ ಸೀರೆ ಒಯ್ಯುತ್ತಿದ್ದಾರೆ ಅಂದುಕೊಳ್ಳಬೇಕು.

ನಜೀರಸಾಬ


ಮುಂಡರಗಿ
೩೦-೧೦-೧೯೭೪

ಪ್ರಿಯ ನಜೀರಸಾಬರಿಗೆ,

ದಸರೆಯಲ್ಲಿ ಬರಲಿಲ್ಲ ಎಂದು ಬೇಸರಿಸಬೇಡಿ. ಬಂದಿದ್ದೆ. ನಿಮ್ಮ ಓಣಿಯ ತಿರುವಿನ ತನಕ ಬಂದಿದ್ದೆ. ಅಲ್ಲಿ ಚಹಾದ ಅಂಗಡಿಯಲ್ಲಿ ನಮ್ಮ ಶಾಲೆಯ ಡ್ರಾಯಿಂಗ್ ಮಾಸ್ತರ ಮಾರ್ತಾಂಡ ಕೂತಿದ್ದ. "ಏನ್ರಿ, ಈ ಕಡಿ?" ಎಂದ, ಅಷ್ಟೇ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗಾಯಿತು ನನ್ನದು. ಹಲ್ಲು ನೋಯುತ್ತಿದೆ, ಡಾಕ್ಟರಲ್ಲಿಗೆ ಹೊರಟಿದ್ದೇನೆ ಎಂದುಬಿಟ್ಟೆ. ಅವನು ಒಳ್ಳೆಯ ಮನುಷ್ಯ, ಒಬ್ಬನನ್ನೇ ಬಿಡಲು ಒಪ್ಪಲಿಲ್ಲ. ತಾನೇ ಕರೆದುಕೊಂಡು ಹೋಗಿ ಕೂರಿಸಿದ. ಯಾವ ಹಲ್ಲು ಎಂದು ಡಾಕ್ಟರು ಕೇಳಿದರು, ನಾನು ಒಂದನ್ನು ತೋರಿಸಿದೆ, ಕಿತ್ತರು. ಗಟ್ಟಿಮುಟ್ಟಾದ ಹಲ್ಲು ಅದು.

ಬಾಯಲ್ಲಿ ಅರಳೆ ಇಟ್ಟುಕೊಂಡು ಬಸ್ಸಿನಲ್ಲಿ ಹಿಂದಿರುಗುವಾಗ ನನಗೆ ನಗುವೇ ಬಂತು. ಮನೆಗೆ ಬಂದ ಮೇಲೆ ಬಂದದ್ದು ನಗುವಲ್ಲ. ಡಿಸೆಂಬರಿನಲ್ಲಿ ಖಂಡಿತ ಬರುತ್ತೇನೆ, ಡಬ್ಬಿ ಅಲ್ಲಿಯವರೆಗೆ ನಿಮ್ಮಲ್ಲೇ ಇರಲಿ. ಇಷ್ಟು ವರ್ಷ ಕಾದವಳು ಇನ್ನೊಂದು ತಿಂಗಳು ಕಾಯುತ್ತಾಳೆ.

ನಿಮ್ಮವ,
ಜಯತೀರ್ಥ


ಬೆಟಗೇರಿ
೨೫-೧೧-೧೯೭೪

ಮಾಸ್ತರರೇ,

ಹೇಗೆ ಬರೆಯಬೇಕೋ ತಿಳಿಯುತ್ತಿಲ್ಲ. ನಾನು ಸೀರೆ ಮುಟ್ಟಿಸಲು ಹುಬ್ಬಳ್ಳಿಗೆ ಹೋಗಿದ್ದೆ. ಅಲ್ಮಾಸಬಿಯದೊಂದು ಹರಕೆ ಇತ್ತು, ಲಕ್ಷ್ಮೇಶ್ವರದ ದರ್ಗಾಕ್ಕೆ ಹೊರಟಳು. ಹೊರಡುವಾಗ ಡಬ್ಬಿ ಕಣ್ಣಿಗೆ ಬಿತ್ತು. ದಸರೆಯಿಂದ ಹಾಗೇ ಬಿದ್ದಿದೆ, ತಮ್ಮನಾದವನು ಗಂಡಸು, ಒಯ್ಯಲು ನಾಚಿಕೊಂಡಿದ್ದಾನೆ, ಶಿರಹಟ್ಟಿ ದಾರಿಯಲ್ಲೇ ಇದೆಯಲ್ಲ ಎಂದುಕೊಂಡಿದ್ದಾಳೆ. "ಹೆಣ್ಣಿನ ಕೂದಲ ಹೆಣ್ಣಿನ ಕೈಯಿಂದನ ಮುಟ್ಟಬೇಕಲ್ರಿ, ಹಂಗಂತ ಒಯ್ದೆ" ಎಂದು ಈಗ ಅಳುತ್ತಾಳೆ.

ಶಿರಹಟ್ಟಿಯಲ್ಲಿ ಇಳಿದು ತುಳಸಾಬಾಯಿಯವರ ಮನೆ ಕೇಳಿಕೊಂಡು ಹೋದಳು. ನಿಮ್ಮ ಅಕ್ಕನೇ ಬಾಗಿಲಿಗೆ ಬಂದರು. ಕೆಂಪು ಸೆರಗು ತುಸು ಸರಿದು ಬೋಳಿಸಿದ ತಲೆ ಕಂಡಿತಂತೆ. ಇದನ್ನು ಹೇಳಲು ನಾಚಿ ತಮ್ಮನಾದವನು ಜ್ವರದ ಕಥೆ ಕಟ್ಟಿದ್ದಾನೆ ಎಂದು ಇವಳು ತಿಳಿದುಕೊಂಡಳು. ಡಬ್ಬಿ ಕಟ್ಟೆಯ ಮೇಲಿಟ್ಟು, "ಬಾಯಾರ, ನೀವು ಹೇಳಿದ್ದು ತಯಾರಾಗೇತ್ರಿ, ಬೆಟಗೇರಿಯಿಂದ ತಂದೀನಿ" ಎಂದಳು. ನಿಮ್ಮ ಹೆಸರು ಮಾತ್ರ ತೆಗೆಯಲಿಲ್ಲ, ನಾನು ಹೇಳಿದ ಮಾತನ್ನು ಅಲ್ಲಿಯೂ ನಡೆಸಿದಳು. ವಿಧವೆಗೆ ಸೀರೆಯ ಡಬ್ಬಿ ಬಂದಿದೆ ಎಂದು ಮನೆಯ ಹೆಂಗಸರೆಲ್ಲ ಬಂದು ತೆರೆದರು. ಒಳಗಿಂದ ಕೂದಲು ಬಂತು.

ತಪ್ಪು ನನ್ನದು. ಹೆಂಡತಿಗೊಂದು ಮಾತು ಹೇಳಿದ್ದರೆ ಇದು ಆಗುತ್ತಿರಲಿಲ್ಲ. ನಿಮ್ಮ ಮಾನ ಎಂದು ಹೇಳದೆ ಇಟ್ಟುಕೊಂಡೆ. ದಾರ ನನ್ನ ಹತ್ತಿರ ಇದೆ. ನೀವು ಹೂಂ ಅಂದರೆ ಇನ್ನೊಂದು ಕಟ್ಟುತ್ತೇನೆ.

ನಜೀರಸಾಬ


ಶಿರಹಟ್ಟಿ
೩-೧೨-೧೯೭೪

ರಾ. ರಾ. ಜಯತೀರ್ಥ ಮಾಸ್ತರರಿಗೆ ಗುರುರಾಜನ ನಮಸ್ಕಾರಗಳು.

ನಮ್ಮ ವೈನಿ, ಅಂದರೆ ತಮ್ಮ ಅಕ್ಕನವರ ಹೆಸರು ಹೇಳಿ ನಮ್ಮ ಬಾಗಿಲಿಗೆ ಬಂದ ವಸ್ತುವಿನ ಸಂಗತಿ ತಮಗೆ ಮುಟ್ಟಿರಬಹುದು. ಕೇಳಿದರೆ, "ಹೌದು, ನಾನ ಹೇಳಿ ಮಾಡಿಸೇನಿ" ಎಂದು ಒಂದೇ ಮಾತು ಆಡುತ್ತಾರೆ. ನನಗೆ ನಂಬಿಕೆ ಬರುವುದಿಲ್ಲ. ಒಬ್ಬರೇ ಓಣಿ ದಾಟಿ ಹೋಗದ ಹೆಂಗಸು ಬೆಟಗೇರಿಗೆ ಯಾವಾಗ ಹೇಳಿಕಳಿಸಿದರು?

ಮಠದ ಹಿರಿಯರ ಮಾತು ಹೀಗಿದೆ. ಅವರೇ ಮಾಡಿಸಿದ್ದಾದರೆ ವ್ರತಭಂಗ, ನೈವೇದ್ಯದ ಒಲೆ ಮುಟ್ಟುವಂತಿಲ್ಲ. ಬೇರೆ ಯಾರಾದರೂ ಅವರಿಗೆ ತಿಳಿಯದಂತೆ ಮಾಡಿಸಿದ್ದರೆ ಅವರದೇನೂ ದೋಷವಿಲ್ಲ, ಸ್ನಾನ ಮಾಡಿ ಪಂಚಗವ್ಯ ತೆಗೆದುಕೊಂಡರೆ ಮುಗಿಯಿತು. ತಾವು ತವರಿನ ಕಡೆಯವರು. ತಮಗೆ ತಿಳಿದಿದ್ದರೆ ಒಂದೇ ಒಂದು ಸಾಲು ಬರೆದು ಕಳಿಸಿ. ನನಗೂ ಅವರನ್ನು ಆ ಒಲೆಯ ಮುಂದಿನಿಂದ ಎಬ್ಬಿಸುವ ಮನಸ್ಸಿಲ್ಲ.

ಗುರುರಾಜ


ಮುಂಡರಗಿ
೧೧-೧೨-೧೯೭೪

ಶ್ರೀ ಗುರುರಾಜರಾಯರಿಗೆ ನಮಸ್ಕಾರಗಳು.

ಪತ್ರ ತಲುಪಿತು. ಸದರಿ ವಿಷಯದಲ್ಲಿ ನನಗೆ ಏನೂ ತಿಳಿಯದು. ಶಾಲೆಯಲ್ಲಿ ಪರೀಕ್ಷೆಗಳು ನಡೆದಿರುವುದರಿಂದ ಬರಲು ಸಾಧ್ಯವಾಗುವುದಿಲ್ಲ.

ಜಯತೀರ್ಥ


ಶಿರಹಟ್ಟಿ
೧೬-೧-೧೯೭೫

ಜಯ್ಯಾ,

ಇದನ್ನು ಕೆಲಸದ ಅಮೃತವ್ವನ ಕೈಯಲ್ಲಿ ಅಂಚೆಗೆ ಹಾಕಿಸುತ್ತಿದ್ದೇನೆ. ನೀನು ಉತ್ತರ ಬರೆಯಬೇಡ. ನನಗೆ ಬಂದ ಕಾಗದಗಳನ್ನು ಈಗ ಒಡೆದು ನೋಡಿಯೇ ಕೊಡುತ್ತಾರೆ.

ನಿನ್ನ ಪತ್ರವನ್ನು ಗುರುರಾಜ ಪಡಸಾಲೆಯಲ್ಲಿ ನಿಂತು ಓದಿದ. ಓದಿ, "ಅಕ್ಷರ ಎಷ್ಟ ಛಂದ ಅವ ನೋಡ್ರಿ ವೈನಿ" ಎಂದ.

ನಾನೇ ಮಾಡಿಸಿದ್ದು ಎಂದು ಯಾಕೆ ಹೇಳಿದೆ ಎಂದು ನೀನು ಯೋಚಿಸುತ್ತಿರಬೇಕು. ಅವರು ಸುಡುವುದಕ್ಕೆ ಮುಂಚೆ ಡಬ್ಬಿ ಸ್ವಲ್ಪ ಹೊತ್ತು ನನ್ನ ಕೋಣೆ ಸೇರಿತ್ತು. ಕದ ಮುಂದೆ ಮಾಡಿ ತಲೆಯ ಮೇಲೆ ಇಟ್ಟುಕೊಂಡೆ. ಎಷ್ಟೋ ವರ್ಷದ ಮೇಲೆ ಕಿವಿಗೆ ಕೂದಲು ತಾಗಿತು. ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಆದರೆ ಅದು ಜಾರಿ ಹುಬ್ಬಿನ ತನಕ ಬಂತು. ನನ್ನ ಅಳತೆಯದಲ್ಲ. ನಮ್ಮ ಮನೆಯಲ್ಲಿ ಅಷ್ಟು ದೊಡ್ಡ ತಲೆ ಇದ್ದದ್ದು ಒಂದೇ. ಅವ್ವ ಅದಕ್ಕೆ ಕುಂಬಳಕಾಯಿ ಅನ್ನುತ್ತಿದ್ದಳು.

ನಿನ್ನ ಜವಳ ಹರಕೆಯ ದೆಸೆಯಿಂದ ತಡವಾಗಿತ್ತು. ಆರು ವರ್ಷದವನಿಗೆ ನಡುವಿನ ತನಕ ಕೂದಲು. ನಾನು ತವರಿಗೆ ಬಂದಾಗಲೆಲ್ಲ ಹೆರಳು ಹಾಕಿ, ಅಬ್ಬಲಿಗೆ ಮುಡಿಸಿ, ನನ್ನ ಹಳೆಯ ಪರಕಾರ ಪೋಲಕ ತೊಡಿಸುತ್ತಿದ್ದೆ. ನೀನು ಬಿಚ್ಚಲು ಒಪ್ಪದೆ ಹಾಗೇ ಮಲಗುತ್ತಿದ್ದೆ. ಜವಳದ ದಿನ ನೀನು ಅತ್ತಷ್ಟು, ಮರುವರ್ಷ ನನ್ನ ತಲೆ ಬೋಳಿಸುವಾಗ ನಾನು ಅಳಲಿಲ್ಲ. ಹುಡುಗ ಕತ್ತಿಗೆ ಹೆದರಿದ್ದಾನೆ ಎಂದರು ಎಲ್ಲರೂ. ನಾನೂ ಹಾಗೇ ಅಂದುಕೊಂಡಿದ್ದೆ. ಸುಂದರಾಳ ಟ್ರಂಕು ತೆರೆದ ದಿನ ತಿಳಿಯಿತು.

ಒಲೆ ಈಗ ಬೇರೆಯವಳ ಕೈಗೆ ಹೋಗಿದೆ. ಸಾರಿಗೆ ಹುಣಸೆ ಜಾಸ್ತಿ ಸುರಿಯುತ್ತಾಳೆ. ದೇವರು ಏನೂ ಅನ್ನುವುದಿಲ್ಲ, ನಾನೂ ಅನ್ನುವುದಿಲ್ಲ. ನನಗೆ ಹಿತ್ತಲ ಕೋಣೆ ಕೊಟ್ಟಿದ್ದಾರೆ. ತಾಟನ್ನು ಹೊಸ್ತಿಲ ಹೊರಗೆ ಇಟ್ಟು ಹೋಗುತ್ತಾರೆ. ಗುರುರಾಜನ ದನಿ ಈಗ ದೊಡ್ಡದಾಗಿದೆ, ಇಲ್ಲಿಯವರೆಗೆ ಕೇಳಿಸುತ್ತದೆ.

ಸಿಟ್ಟಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಒಂದು ಸಾಲು ಸಾಕಾಗಿತ್ತು, ಜಯ್ಯಾ. ಆದರೆ ಆ ಸಾಲು ಬರೆದಿದ್ದರೆ ಮುಂಡರಗಿಯ ಹುಡುಗರು ನಿನ್ನ ಹಿಂದೆ ಚಪ್ಪಾಳೆ ತಟ್ಟುತ್ತ ಬರುತ್ತಿದ್ದರು, ಅದೂ ನನಗೆ ಗೊತ್ತು. ಅದಕ್ಕೇ ಯಾರೂ ನಿನ್ನ ಹೆಸರು ಎತ್ತುವ ಮೊದಲೇ ನನ್ನದು ಎಂದುಬಿಟ್ಟೆ. ನೀನು ಬರೆಯುತ್ತೀಯೋ ಎಂದು ಮಾತ್ರ ಕಾದೆ.

ಸುಂದರಾಳ ಸೀರೆಗಳನ್ನು ಯಾರಿಗೂ ಕೊಡಬೇಡ. ನಾನು ಮೊದಲು ಬರೆದದ್ದನ್ನು ಮರೆತುಬಿಡು.

ಹಿತ್ತಲಲ್ಲಿ ಸುಟ್ಟರು. ಕೂದಲು ಸುಟ್ಟ ನಾತ ಓಣಿಯ ತುಂಬ. ಬಹಳ ಚೆನ್ನಾಗಿ ಮಾಡಿದ್ದಳು ಆ ಹೆಣ್ಣುಮಗಳು. ನಿನ್ನ ತಲೆಯ ಮೇಲೆ ಅದು ಹೇಗೆ ಕಾಣುತ್ತಿತ್ತೋ, ನೋಡುವುದು ಆಗಲಿಲ್ಲ.

ಅಕ್ಕ


ಮುಂಡರಗಿ
೨೦-೩-೧೯೭೫

ನಜೀರಸಾಬರಿಗೆ ನಮಸ್ಕಾರ.

ನಿಮ್ಮ ನವೆಂಬರಿನ ಪತ್ರಕ್ಕೆ ಉತ್ತರ ಬರೆಯುವುದು ತಡವಾಯಿತು. ವೈಶಾಖದಲ್ಲಿ ನನ್ನ ಮದುವೆ ಗೊತ್ತಾಗಿದೆ, ಲಕ್ಷ್ಮೇಶ್ವರದ ಕಡೆಯವರು. ಹೊಸಬರು ಬರುವ ಮನೆಯಲ್ಲಿ ಹೋದವರ ಸೀರೆಗಳು ಇರಬಾರದಂತೆ. ಒಂದು ಟ್ರಂಕು ಇವೆ. ಅಲ್ಮಾಸಬಿಯವರು ಉಡುವುದಾದರೆ ಬಸ್ಸಿಗೆ ಹಾಕಿ ಕಳಿಸುತ್ತೇನೆ. ಅವರ ಮೇಲೆ ನನಗೆ ಯಾವ ಬೇಸರವೂ ಇಲ್ಲ ಎಂದು ಹೇಳಿ.

ಅಳತೆಯ ದಾರ ನಿಮ್ಮಲ್ಲಿದ್ದರೆ ಒಲೆಗೆ ಹಾಕಿಬಿಡಿ. ಅಕ್ಕನಿಗೆ ಇನ್ನು ಟೋಪನ್ ಬೇಡವಂತೆ.

ಇದನ್ನು ಕಾರ್ಡಿನಲ್ಲೇ ಬರೆದಿದ್ದೇನೆ. ಯಾರು ಓದಿದರೂ ಇನ್ನು ಇದರಲ್ಲಿ ಏನೂ ಇಲ್ಲ.

ಜಯತೀರ್ಥ